ಸ್ಕ್ಯಾನ್‌ನಲ್ಲಿ ಕರುಳು ನೋಡುವ ಪರೀಕ್ಷೆ: ಯಾರಿಗೆ ಬೇಕು, ಯಾರಿಗೆ ಬೇಡ?



ನಮ್ಮ ಕಾರ್ಯಕರ್ತೆಯರು ಸಂಘಗಳ ಸಭೆಗೆ ಹೋದಾಗ ಇತ್ತೀಚೆಗೆ ಒಂದೇ ಪ್ರಶ್ನೆ ಮೂರು ಕಡೆ ಎದುರಾಯಿತು. ಮೂರೂ ಕಡೆ ಕೇಳಿದ್ದು 'ವರ್ಚುವಲ್ ಕೊಲೊನೋಸ್ಕೋಪಿ' ಎಂಬ ಸ್ಕ್ಯಾನ್ ಬಗ್ಗೆ. ಆದರೆ ಮೂವರಿಗೂ ನಾವು ಕೊಡಬೇಕಾದ ಉತ್ತರ ಬೇರೆ ಬೇರೆಯಾಗಿತ್ತು. ಅದಕ್ಕಾಗಿ ಈ ಲೇಖನ. ಸದಸ್ಯರ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಬಿಟ್ಟು ಬರೆಯುತ್ತಿದ್ದೇವೆ.

ಗುಬ್ಬಿ ಕಡೆಯ ಒಂದು ಸಂಘದಲ್ಲಿ 52 ವರ್ಷದ ಸದಸ್ಯೆಯೊಬ್ಬರು ಹತ್ತು ಸಾವಿರ ರೂಪಾಯಿ ಆಂತರಿಕ ಸಾಲ ಕೇಳಿದರು. ಯಾಕೆ ಎಂದು ಕೇಳಿದ್ದಕ್ಕೆ, "ಪೈಪ್ ಹಾಕ್ದೆ ಕರುಳು ನೋಡೋ ಕಂಪ್ಯೂಟರ್ ಸ್ಕ್ಯಾನ್ ಬಂದದಂತೆ, ಒಂದ್ಸಲ ಮಾಡಿಸ್ಬೇಕು" ಎಂದರು. ಸಂಘದವರು ಒಪ್ಪಿ ನಡಾವಳಿ ಪುಸ್ತಕದಲ್ಲಿ ಬರೆಯುವುದೊಂದೇ ಬಾಕಿ ಇತ್ತು. ಸಭೆ ಮುಗಿದ ಮೇಲೆ ನಮ್ಮ ಕಾರ್ಯಕರ್ತೆಯನ್ನು ಪಕ್ಕಕ್ಕೆ ಕರೆದು ಅವರು ಹೇಳಿದ ಮಾತು ಇದು: "ಎಂಟು ತಿಂಗಳಿಂದ ಸಂಡಾಸಿಗೆ ಹೋದಾಗ ರಕ್ತ ಬೀಳ್ತದೆ ಅಕ್ಕಾ. ಮೂಲವ್ಯಾಧಿ ಅಂತ ನಾಟಿ ಔಷಧಿ ತಗೊಂಡೆ. ಮನೇಲಿ ಯಾರ್ಗೂ ಹೇಳಿಲ್ಲ. ಹೆಂಗ್ ಹೇಳೋದು, ನಾಚ್ಕೆ ಆಗ್ತದೆ."

ತುಮಕೂರು ನಗರದ ಒಂದು ಸಂಘದಲ್ಲಿ ಹೊಲಿಗೆ ಕೆಲಸ ಮಾಡುವ 46 ವರ್ಷದ ಸದಸ್ಯೆ ಕೇಳಿದ್ದು ಬೇರೆ ಥರ: "ನಂಗೆ ಏನೂ ತೊಂದ್ರೆ ಇಲ್ಲ. ಆದ್ರೆ ಕ್ಯಾನ್ಸರ್ ಬರೋಕ್ಕಿಂತ ಮುಂಚೆನೇ ಗೊತ್ತಾಗುತ್ತೆ ಅಂತಾರಲ್ಲ, ಮಾಡಿಸ್ಲಾ?"

ಕುಣಿಗಲ್ ತಾಲ್ಲೂಕಿನ ಇನ್ನೊಬ್ಬ ಸದಸ್ಯೆಯ ಅತ್ತೆಗೆ 71 ವರ್ಷ. ವೈದ್ಯರು ಕೊಲೊನೋಸ್ಕೋಪಿ ಮಾಡಿದಾಗ ಕರುಳಿನ ಒಂದು ತಿರುವಿನಿಂದ ಮುಂದಕ್ಕೆ ನಳಿಕೆ ಹೋಗಲಿಲ್ಲ. ಉಳಿದ ಭಾಗ ನೋಡಲು ಈ ಸ್ಕ್ಯಾನ್ ಬರೆದುಕೊಟ್ಟರು. "ಇನ್ನೊಂದು ಪರೀಕ್ಷೆ ಅಂತ ಸುಮ್ನೆ ದುಡ್ಡು ಕೀಳ್ತಾರೇನೋ" ಎಂದು ಸೊಸೆಗೆ ಅನುಮಾನ.

ಈ ಮೂವರಿಗೂ ನಾವೇನು ಹೇಳಿದೆವು ಎಂದು ಕೊನೆಯಲ್ಲಿ ಬರೆದಿದ್ದೇವೆ. ಅದಕ್ಕೂ ಮೊದಲು ಪರೀಕ್ಷೆಯನ್ನೇ ಅರ್ಥ ಮಾಡಿಕೊಳ್ಳೋಣ.

ಕರುಳಿನೊಳಗೆ ಏನಾಗುತ್ತದೆ?

ನಮ್ಮ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ವಯಸ್ಸಾಗುತ್ತಾ ಕೆಲವರಿಗೆ ಇದರ ಒಳಗೋಡೆಯ ಮೇಲೆ ನರುಲಿಯಂತೆ ಸಣ್ಣ ಗಂಟು ಬೆಳೆಯುತ್ತದೆ. ಇದನ್ನು 'ಪಾಲಿಪ್' ಎನ್ನುತ್ತಾರೆ. ಹೆಚ್ಚಿನ ಪಾಲಿಪ್‌ಗಳಿಂದ ಏನೂ ತೊಂದರೆಯಿಲ್ಲ. ಕೆಲವು ಮಾತ್ರ ನಿಧಾನವಾಗಿ ದೊಡ್ಡದಾಗಿ ಕ್ಯಾನ್ಸರ್ ಆಗುತ್ತವೆ. ಇದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಈ ಹತ್ತು ವರ್ಷವೇ ನಮಗೆ ಸಿಗುವ ಅವಕಾಶ. ಗಂಟು ಇರುವಾಗಲೇ ತೆಗೆದುಬಿಟ್ಟರೆ ಅದು ಕ್ಯಾನ್ಸರ್ ಆಗುವುದೇ ಇಲ್ಲ.

ಪಾಲಿಪ್ ನೋಯುವುದಿಲ್ಲ. ಆದ್ದರಿಂದ ಅದು ಇರುವುದು ಗೊತ್ತೇ ಆಗುವುದಿಲ್ಲ. ಕೆಲವೊಮ್ಮೆ ರಕ್ತ ಒಸರುತ್ತದೆ. ಆ ರಕ್ತ ಕಣ್ಣಿಗೆ ಕಾಣಬಹುದು, ಕಾಣದೆಯೂ ಇರಬಹುದು. ಕಾಣದೆ ಒಸರಿದಾಗ ಹೆಣ್ಣುಮಗಳಲ್ಲಿ ಉಳಿಯುವುದು ಸುಸ್ತು ಮತ್ತು ರಕ್ತಹೀನತೆ ಮಾತ್ರ. ನಾವು ಅದನ್ನು ಮುಟ್ಟಿನ ಕಾರಣಕ್ಕೋ ಕೆಲಸದ ದಣಿವಿಗೋ ಸೇರಿಸಿ ಸುಮ್ಮನಾಗುತ್ತೇವೆ. ಮುಟ್ಟು ನಿಂತ ಮೇಲೂ ರಕ್ತ ಕಡಿಮೆ ಇದೆ ಎಂದರೆ ಕಬ್ಬಿಣಾಂಶದ ಮಾತ್ರೆ ನುಂಗಿದರಷ್ಟೇ ಸಾಲದು, ರಕ್ತ ಎಲ್ಲಿ ಹೋಗುತ್ತಿದೆ ಎಂದು ವೈದ್ಯರನ್ನು ಕೇಳಬೇಕು.

ಎರಡು ಪರೀಕ್ಷೆ, ಎರಡು ಕೆಲಸ

ಮಾಮೂಲಿ ಕೊಲೊನೋಸ್ಕೋಪಿಯಲ್ಲಿ ಕ್ಯಾಮೆರಾ ಇರುವ ಉದ್ದನೆಯ ಬಳುಕುವ ನಳಿಕೆಯನ್ನು ಗುದದ್ವಾರದ ಮೂಲಕ ಒಳಗೆ ಬಿಡುತ್ತಾರೆ. ನೋವಾಗದಂತೆ ಸಾಮಾನ್ಯವಾಗಿ ಮಂಪರು ಔಷಧಿ ಕೊಡುತ್ತಾರೆ. ಗಂಟು ಕಂಡರೆ ಅದೇ ನಳಿಕೆಯ ಮೂಲಕ ಹೆಚ್ಚಿನ ಸಲ ಅಲ್ಲೇ ತೆಗೆಯಬಹುದು, ಅನುಮಾನ ಬಂದ ಕಡೆ ಚೂರು ತೆಗೆದು ಪರೀಕ್ಷೆಗೆ ಕಳಿಸಬಹುದು.

ವರ್ಚುವಲ್ ಕೊಲೊನೋಸ್ಕೋಪಿ ಎಂದರೆ ಸಿ.ಟಿ. ಸ್ಕ್ಯಾನ್. ವೈದ್ಯರು ಇದನ್ನು 'ಸಿ.ಟಿ. ಕೊಲೊನೋಗ್ರಫಿ' ಎಂದೂ ಬರೆಯುತ್ತಾರೆ. ಅಮೆರಿಕದ ವೈದ್ಯ ಡೇವಿಡ್ ವೈನಿಂಗ್ 1994ರಲ್ಲಿ ಇದನ್ನು ಮೊದಲು ತೋರಿಸಿಕೊಟ್ಟರು. ಹೊಟ್ಟೆಯ ನೂರಾರು ಎಕ್ಸ್‌ರೇ ಚಿತ್ರ ತೆಗೆದು, ಕಂಪ್ಯೂಟರ್ ಅವನ್ನು ಜೋಡಿಸಿ, ಕರುಳಿನೊಳಗೆ ನಡೆದುಹೋದ ಹಾಗೆ ಪರದೆಯ ಮೇಲೆ ತೋರಿಸುತ್ತದೆ.

ವ್ಯತ್ಯಾಸ ತಿಳಿಯಲು ನಮ್ಮ ಹೇಮಾವತಿ ನಾಲೆಯನ್ನು ನೆನೆಸಿಕೊಳ್ಳಿ. ಏರಿಯ ಮೇಲೆ ನಡೆದು ಎಲ್ಲೆಲ್ಲಿ ಹೂಳು ತುಂಬಿದೆ ಎಂದು ನೋಡಿ ಬರೆದುಕೊಳ್ಳುವುದು ಒಂದು ಕೆಲಸ. ಗುದ್ದಲಿ, ಬಾಣಲಿ ಹಿಡಿದು ಇಳಿದು ಹೂಳು ಎತ್ತುವುದು ಇನ್ನೊಂದು ಕೆಲಸ. ಸ್ಕ್ಯಾನ್ ಮಾಡುವುದು ಮೊದಲನೆಯದು. ಅದು ನೋಡುತ್ತದೆ, ತೆಗೆಯುವುದಿಲ್ಲ. ಸ್ಕ್ಯಾನ್‌ನಲ್ಲಿ ದೊಡ್ಡ ಗಂಟು ಕಂಡರೆ ಮತ್ತೆ ಕೊಲೊನೋಸ್ಕೋಪಿ ಮಾಡಿಸಲೇಬೇಕು. ಈ ಒಂದು ಮಾತನ್ನು ಎಲ್ಲರೂ ನೆನಪಿನಲ್ಲಿಡಿ.

ಸ್ಕ್ಯಾನ್‌ಗೂ ಅದರದೇ ಅನುಕೂಲವಿದೆ. ಮಂಪರು ಬೇಕಿಲ್ಲ. 2010ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ಇದೇ ಸ್ಕ್ಯಾನ್ ಮಾಡಿಸಿಕೊಂಡರು. ಮಂಪರು ಇಲ್ಲದ್ದರಿಂದ ಅಧಿಕಾರವನ್ನು ಯಾರಿಗೂ ಒಪ್ಪಿಸಬೇಕಾಗಲಿಲ್ಲ. 2021ರಲ್ಲಿ ಅಧ್ಯಕ್ಷರಾಗಿದ್ದ ಜೋ ಬೈಡನ್ ಮಂಪರಿನಲ್ಲಿ ಕೊಲೊನೋಸ್ಕೋಪಿ ಮಾಡಿಸಿಕೊಂಡಾಗ ಒಂದೂವರೆ ಗಂಟೆಯಷ್ಟು ಹೊತ್ತು ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರಿಗೆ ಅಧಿಕಾರ ಒಪ್ಪಿಸಿದ್ದರು. ಆ ಪರೀಕ್ಷೆಯಲ್ಲಿ ಸಿಕ್ಕ ಸಣ್ಣ ಪಾಲಿಪ್ ಅಲ್ಲೇ ತೆಗೆದರು. ನಮ್ಮ ಮನೆಗಳಲ್ಲಿ ಅಧಿಕಾರ ಒಪ್ಪಿಸುವುದು ಎಂದರೆ ಹಸು ಕರೆಯುವವರು ಯಾರು, ಆಸ್ಪತ್ರೆಯಿಂದ ಕರಕೊಂಡು ಬರೋರು ಯಾರು ಎಂಬ ಪ್ರಶ್ನೆ. ಮಂಪರು ಕೊಟ್ಟ ದಿನ ಜೊತೆಗೆ ಒಬ್ಬರು ಇರಲೇಬೇಕು. ಬರೀ ಸ್ಕ್ಯಾನ್ ಆದರೆ ಸಾಮಾನ್ಯವಾಗಿ ಅದೇ ದಿನ ನೀವೇ ಬಸ್ಸು ಹತ್ತಿ ಮನೆಗೆ ಬರಬಹುದು.

ಪರೀಕ್ಷೆ ಹೇಗೆ ನಡೆಯುತ್ತದೆ?

ಹಿಂದಿನ ದಿನ: "ಪೈಪ್ ಇಲ್ಲ ಅಂದ್ಮೇಲೆ ಭೇದಿ ಔಷಧಿನೂ ಇಲ್ಲ" ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಎರಡೂ ಪರೀಕ್ಷೆಗೆ ಕರುಳು ಖಾಲಿಯಾಗಬೇಕು. ಮಲ ಉಳಿದಿದ್ದರೆ ಅದೇ ಗಂಟಿನಂತೆ ಕಾಣಬಹುದು, ಇಲ್ಲವೇ ನಿಜವಾದ ಗಂಟನ್ನು ಮುಚ್ಚಬಹುದು. ಆಸ್ಪತ್ರೆಯವರು ಹೇಳಿದಷ್ಟು ದಿನ ಮುದ್ದೆ, ಸೊಪ್ಪು, ಕಾಳು, ಬೀಜವಿರುವ ಸೀಬೆ, ಟೊಮೆಟೊ ಬೇಡ. ಆಮೇಲೆ ಗಂಜಿ ತಿಳಿ, ಸೋಸಿದ ಸಾರು, ಎಳನೀರು ಇಂಥವು ಮಾತ್ರ. ಭೇದಿಯಾಗುವ ಔಷಧಿಯ ಜೊತೆಗೆ, ಉಳಿದ ಮಲವನ್ನು ಸ್ಕ್ಯಾನ್‌ನಲ್ಲಿ ಗುರುತಿಸಲು ಇನ್ನೊಂದು ಔಷಧಿಯನ್ನೂ ಕುಡಿಸುತ್ತಾರೆ.

ಆ ರಾತ್ರಿ ಹತ್ತಾರು ಸಲ ಸಂಡಾಸಿಗೆ ಓಡಬೇಕಾಗಬಹುದು. ಮನೆಯಲ್ಲಿ ಶೌಚಾಲಯ ಇಲ್ಲದವರು, ನೀರಿಗೆ ತೊಂದರೆ ಇರುವವರು ಆ ದಿನಕ್ಕೆ ನೆಂಟರ ಮನೆಯಲ್ಲೋ ಸಂಘದ ಗೆಳತಿಯ ಮನೆಯಲ್ಲೋ ಉಳಿಯುವ ಏರ್ಪಾಡು ಮಾಡಿಕೊಳ್ಳಿ. ಭೇದಿ ಔಷಧಿ ಕುಡಿದು ಬೆಳಿಗ್ಗೆ ಮೊದಲ ಬಸ್ಸು ಹತ್ತುವುದು ಎಷ್ಟು ಕಷ್ಟ ಎಂದು ಹೋದವರಿಗೇ ಗೊತ್ತು. ಸಾಧ್ಯವಾದರೆ ಸ್ವಲ್ಪ ತಡವಾದ ಸಮಯ ಕೇಳಿ ಪಡೆಯಿರಿ.

ಆ ದಿನ: ಗುದದ್ವಾರದಲ್ಲಿ ಸಣ್ಣ, ಮೆತ್ತನೆಯ ನಳಿಕೆಯನ್ನು ಸ್ವಲ್ಪವೇ ಒಳಕ್ಕೆ ಇಡುತ್ತಾರೆ. ಹಾಗಾಗಿ 'ಪೈಪೇ ಇಲ್ಲ' ಎನ್ನುವ ಮಾತು ಪೂರ್ತಿ ನಿಜವಲ್ಲ. ಅದರ ಮೂಲಕ ಗಾಳಿ ಅಥವಾ ಇಂಗಾಲದ ಡೈಆಕ್ಸೈಡ್ ತುಂಬಿ ಕರುಳನ್ನು ಉಬ್ಬಿಸುತ್ತಾರೆ. ಹೊಟ್ಟೆ ಉಬ್ಬರಿಸಿದ ಹಾಗೆ, ಹಿಂಡಿದ ಹಾಗೆ ಆಗುತ್ತದೆ. ಮೊದಲು ಬೆನ್ನ ಮೇಲೆ, ಆಮೇಲೆ ಬೋರಲು ಮಲಗಿಸಿ, ಕೆಲವು ಸೆಕೆಂಡು ಉಸಿರು ಬಿಗಿಹಿಡಿಯಲು ಹೇಳಿ ಚಿತ್ರ ತೆಗೆಯುತ್ತಾರೆ. ಸ್ಕ್ಯಾನ್ ಕೋಣೆಯ ಕೆಲಸ ಹೆಚ್ಚೂಕಡಿಮೆ ಕಾಲು ಗಂಟೆ. ಮಹಿಳಾ ಸಿಬ್ಬಂದಿ ಜೊತೆಗಿರಲಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮೊದಲೇ ವೈದ್ಯರಿಗೆ ಹೇಳಬೇಕಾದ್ದು

1. ಬಸಿರು ಇರಬಹುದು ಎಂಬ ಅನುಮಾನ ಇದ್ದರೂ ಹೇಳಿ. ಎಕ್ಸ್‌ರೇ ಕಿರಣಗಳಿಂದ ಮಗುವಿಗೆ ತೊಂದರೆಯಾಗಬಹುದು.
2. ಸಕ್ಕರೆ ಕಾಯಿಲೆಯವರು ಊಟ ಬಿಟ್ಟ ದಿನ ಮಾತ್ರೆ ಅಥವಾ ಇನ್ಸುಲಿನ್ ಹೇಗೆ ತಗೊಳ್ಳಬೇಕು ಎಂದು ಕೇಳಿ.
3. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದರೆ ಹೇಳಿ. ಎಲ್ಲ ಭೇದಿ ಔಷಧಿಗಳೂ ಎಲ್ಲರಿಗೂ ಆಗುವುದಿಲ್ಲ.
4. ರಕ್ತ ತೆಳು ಮಾಡುವ ಮಾತ್ರೆ, ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದರೆ ಹೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.
5. ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆಗಿದ್ದರೆ, ಈಗ ಹೊಟ್ಟೆನೋವು ಜೋರಾಗಿದ್ದರೆ, ಹಿಂದೆ ಸ್ಕ್ಯಾನ್ ಔಷಧಿಯಿಂದ ಅಲರ್ಜಿ ಆಗಿದ್ದರೆ ಹೇಳಿ.

ಇದನ್ನು ಎಷ್ಟು ನಂಬಬಹುದು?

ಅಮೆರಿಕದ 15 ಕೇಂದ್ರಗಳಲ್ಲಿ ಎರಡೂವರೆ ಸಾವಿರ ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಒಂದು ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ, ಅಪಾಯದ ಗಂಟು ಇದ್ದ 100 ಜನರಲ್ಲಿ ಸುಮಾರು 90 ಜನರನ್ನು ಸ್ಕ್ಯಾನ್ ಸರಿಯಾಗಿ ಗುರುತಿಸಿತ್ತು. ಇದು ಒಳ್ಳೆಯ ಫಲಿತಾಂಶವೇ. ಆದರೆ ಹತ್ತು ಜನ ತಪ್ಪಿಹೋದರು ಎಂಬುದನ್ನೂ ಗಮನಿಸಿ. ತೀರಾ ಸಣ್ಣ ಗಂಟು, ಗೋಡೆಗೆ ಅಂಟಿದಂತೆ ಚಪ್ಪಟೆಯಾಗಿ ಬೆಳೆಯುವ ಗಂಟು ಸ್ಕ್ಯಾನ್‌ಗೆ ಸುಲಭವಾಗಿ ಸಿಗುವುದಿಲ್ಲ. ನೋಡುವ ವೈದ್ಯರಿಗೆ ಈ ಸ್ಕ್ಯಾನ್‌ನಲ್ಲಿ ವಿಶೇಷ ತರಬೇತಿಯೂ ಬೇಕು. ಸಿ.ಟಿ. ಯಂತ್ರ ಇರುವ ಕಡೆಯೆಲ್ಲ ಈ ಪರೀಕ್ಷೆ ಮಾಡುವುದಿಲ್ಲ.

ಎಕ್ಸ್‌ರೇ ಕಿರಣದ ಪ್ರಮಾಣ ಕಡಿಮೆ. ಪ್ರಕೃತಿಯಿಂದಲೇ ಒಂದೆರಡು ವರ್ಷದಲ್ಲಿ ನಮ್ಮ ಮೈಗೆ ಬೀಳುವಷ್ಟು. ಒಮ್ಮೆ ಮಾಡಿಸಿದರೆ ಭಯಪಡಬೇಕಿಲ್ಲ, ಆದರೆ ಕಾರಣವಿಲ್ಲದೆ ಮತ್ತೆ ಮತ್ತೆ ಮಾಡಿಸಬಾರದು. ಕರುಳು ತೂತಾಗುವ ಅಪಾಯ ಬಹಳ ಅಪರೂಪ, ಕೊಲೊನೋಸ್ಕೋಪಿಗಿಂತ ಕಡಿಮೆ.

ಇನ್ನೊಂದು ವಿಷಯ. ಸ್ಕ್ಯಾನ್ ಕರುಳನ್ನಷ್ಟೇ ಅಲ್ಲ, ಹೊಟ್ಟೆಯೊಳಗಿನ ಎಲ್ಲವನ್ನೂ ತೋರಿಸುತ್ತದೆ. ಕಿಡ್ನಿ ಕಲ್ಲು, ಅಂಡಾಶಯದ ನೀರುಗುಳ್ಳೆ ಮುಂತಾದವು ಕಾಣಬಹುದು. ಕೆಲವೊಮ್ಮೆ ಇದರಿಂದ ಒಳ್ಳೆಯದೇ ಆಗುತ್ತದೆ. ಕೆಲವೊಮ್ಮೆ ಏನೂ ಅಲ್ಲದ್ದಕ್ಕೆ ಹೆದರಿ, ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸಿ ದುಡ್ಡು ಕಳೆಯುವುದೂ ಉಂಟು.

ಯಾರು ಯಾವ ಪರೀಕ್ಷೆಗೆ ಹೋಗಬೇಕು?

ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ಹೇಳಿದ್ದು ಹೀಗೆ: ಯಾವ ತೊಂದರೆಯೂ ಇಲ್ಲದವರು 45ನೇ ವಯಸ್ಸಿನಿಂದ 75ರವರೆಗೆ ತಪಾಸಣೆ ಮಾಡಿಸಿಕೊಳ್ಳಬೇಕು. ಪ್ರತಿ ವರ್ಷ ಮಲದ ಪರೀಕ್ಷೆ, ಅಥವಾ 5 ವರ್ಷಕ್ಕೊಮ್ಮೆ ಈ ಸ್ಕ್ಯಾನ್, ಅಥವಾ 10 ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ. ಇಂಥ ಕೆಲವು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಅಲ್ಲಿಗಿಂತ ಕಡಿಮೆ. 30 ದಾಟಿದವರಿಗಾಗಿ ಇರುವ ಸರ್ಕಾರದ ತಪಾಸಣೆಯಲ್ಲಿ ಬಿ.ಪಿ., ಸಕ್ಕರೆ ಮತ್ತು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ನೋಡುತ್ತಾರೆ. ಕರುಳಿನ ಕ್ಯಾನ್ಸರ್ ಅದರಲ್ಲಿ ಸೇರಿಲ್ಲ.

ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ ಲೆಕ್ಕ ಬೇರೆ. 40 ವರ್ಷಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಯಾವುದು ಮುಂಚೆಯೋ ಆಗ ವೈದ್ಯರನ್ನು ಕಾಣಬೇಕು. ಇಂಥವರಿಗೆ ಸಾಮಾನ್ಯವಾಗಿ ಕೊಲೊನೋಸ್ಕೋಪಿಯನ್ನೇ ಹೇಳುತ್ತಾರೆ.

ಕೆಳಗಿನ ಗುರುತುಗಳಿದ್ದರೆ ಅದು ತಪಾಸಣೆಯ ಮಾತಲ್ಲ, ಚಿಕಿತ್ಸೆಯ ಮಾತು. ಜಾಹೀರಾತು ನೋಡಿ ಸ್ಕ್ಯಾನ್‌ಗೆ ಹೋಗಬೇಡಿ, ಮೊದಲು ವೈದ್ಯರ ಹತ್ತಿರ ಹೋಗಿ.

- ಮಲದಲ್ಲಿ ರಕ್ತ, ಅಥವಾ ಮಲ ಟಾರಿನಂತೆ ಕಪ್ಪಗಿರುವುದು (ಕಬ್ಬಿಣಾಂಶದ ಮಾತ್ರೆಯಿಂದಲೂ ಕಪ್ಪಾಗಬಹುದು, ವೈದ್ಯರಿಗೆ ತಿಳಿಸಿ)
- ಮೂರು ನಾಲ್ಕು ವಾರವಾದರೂ ಸರಿಹೋಗದ ಭೇದಿ ಅಥವಾ ಮಲಬದ್ಧತೆ
- ಹೋಗಿ ಬಂದರೂ ಪೂರ್ತಿ ಆಗಿಲ್ಲ ಎನ್ನಿಸುವುದು
- ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ
- ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಗುವುದು

ರಕ್ತ ಒಂದೇ ಸಮನೆ ಹೋಗುತ್ತಿದ್ದರೆ, ಅಥವಾ ಹೊಟ್ಟೆ ಉಬ್ಬಿ ವಾಂತಿಯಾಗಿ ಗಾಳಿಯೂ ಹೋಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ರಕ್ತ ಬೀಳುವವರಲ್ಲಿ ಹೆಚ್ಚಿನವರಿಗೆ ಇರುವುದು ಮೂಲವ್ಯಾಧಿಯೇ, ನಿಜ. ಆದರೆ ಮೂಲವ್ಯಾಧಿಯೋ ಗಂಟೋ ಎಂದು ರಕ್ತದ ಬಣ್ಣ ನೋಡಿ ಮನೆಯಲ್ಲಿ ಕುಳಿತು ಹೇಳಲು ಆಗುವುದಿಲ್ಲ. ಒಬ್ಬರಿಗೇ ಎರಡೂ ಇರಬಹುದು.

ದುಡ್ಡಿನ ಮಾತು

ಗುಬ್ಬಿ, ಕುಣಿಗಲ್‌ನವರು ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬರೆಸಿಕೊಂಡು ತುಮಕೂರು ಜಿಲ್ಲಾ ಆಸ್ಪತ್ರೆಗೆ ಹೋಗುವುದು ಒಳ್ಳೆಯ ದಾರಿ. ಕ್ಯಾನ್ಸರ್ ಎಂದು ಅನುಮಾನ ಬಂದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಳಿಸಬಹುದು.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ಕಾರ್ಡ್ ಇದೆ ಎಂದ ಮಾತ್ರಕ್ಕೆ ನಾವಾಗಿ ಹೋಗಿ ಮಾಡಿಸುವ ಸ್ಕ್ಯಾನ್ ಉಚಿತ ಎಂದುಕೊಳ್ಳಬೇಡಿ. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಹಣ ಕಟ್ಟುವ ಮೊದಲು ಈ ನಾಲ್ಕು ಪ್ರಶ್ನೆ ಕೇಳಿ: ಈ ಸ್ಕ್ಯಾನ್ ನನಗೆ ಯಾಕೆ? ಔಷಧಿಯೂ ಸೇರಿ ಒಟ್ಟು ಎಷ್ಟಾಗುತ್ತದೆ? ಗಂಟು ಕಂಡರೆ ಅದೇ ದಿನ ಕೊಲೊನೋಸ್ಕೋಪಿ ಮಾಡುತ್ತೀರಾ, ಇಲ್ಲ ಮತ್ತೆ ಭೇದಿ ಔಷಧಿ ಕುಡಿದು ಬರಬೇಕಾ? ವರದಿಯನ್ನು ನನಗೆ ಬಿಡಿಸಿ ಹೇಳುವವರು ಯಾರು?

ಮೂವರಿಗೆ ನಾವು ಹೇಳಿದ್ದು

ತುಮಕೂರಿನ ಸದಸ್ಯೆಗೆ: "ತೊಂದರೆ ಇಲ್ಲ, ಮನೆತನದಲ್ಲೂ ಇಲ್ಲ ಅಂದ್ಮೇಲೆ ಸಾಲ ಮಾಡಿ ಈ ಸ್ಕ್ಯಾನ್ ಬೇಡ. ಮೊದಲು ಸರ್ಕಾರದಿಂದ ಉಚಿತವಾಗಿ ಸಿಗುವ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಮಾಡಿಸಿ. ಕರುಳಿನ ಬಗ್ಗೆ ಆಸೆ ಇದ್ದರೆ, ಕಣ್ಣಿಗೆ ಕಾಣದ ರಕ್ತ ಪತ್ತೆ ಮಾಡುವ ಮಲದ ಪರೀಕ್ಷೆ ಬಗ್ಗೆ ವೈದ್ಯರನ್ನು ಕೇಳಿ." ಅವರು ಮೂರೂ ತಪಾಸಣೆ ಮಾಡಿಸಿದರು. ಜೊತೆಗೆ ಸಂಘದ ಇನ್ನೂ ಐವರನ್ನು ಕರೆದೊಯ್ದರು.

ಕುಣಿಗಲ್ ಸದಸ್ಯೆಗೆ: "ವೈದ್ಯರು ಹೇಳಿದ್ದು ಸರಿಯಾಗಿದೆ. ನಳಿಕೆ ಪೂರ್ತಿ ಹೋಗದಿದ್ದಾಗ ಉಳಿದ ಭಾಗ ನೋಡಲು, ಮಂಪರು ತಡೆಯಲಾರದ ವಯಸ್ಸಾದವರಿಗೆ, ಈ ಸ್ಕ್ಯಾನ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ." ಅತ್ತೆಗೆ ಸ್ಕ್ಯಾನ್ ಆಯಿತು. ಉಳಿದ ಭಾಗದಲ್ಲಿ ದೊಡ್ಡ ಗಂಟು ಕಾಣಲಿಲ್ಲ.

ಗುಬ್ಬಿ ಸದಸ್ಯೆಗೆ: "ಸ್ಕ್ಯಾನ್ ಆಮೇಲೆ ನೋಡೋಣ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ, ಬನ್ನಿ." ನಮ್ಮ ಕಾರ್ಯಕರ್ತೆ ಜೊತೆಗೆ ಹೋದರು. ವೈದ್ಯೆ ಬೆರಳಿನಿಂದ ಪರೀಕ್ಷೆ ಮಾಡಿದರು, ರಕ್ತ ಪರೀಕ್ಷೆ ಮಾಡಿಸಿದರು, ರಕ್ತಹೀನತೆ ಇತ್ತು. ತುಮಕೂರಿಗೆ ಬರೆದುಕೊಟ್ಟರು. ಕೊಲೊನೋಸ್ಕೋಪಿಯಲ್ಲಿ ಒಂದು ದೊಡ್ಡ ಪಾಲಿಪ್ ಸಿಕ್ಕಿತು, ಅಲ್ಲೇ ತೆಗೆದರು. ವರದಿ ಬರುವವರೆಗೆ ಅವರಿಗೂ ನಿದ್ದೆಯಿಲ್ಲ, ನಮಗೂ ಇಲ್ಲ. ಕ್ಯಾನ್ಸರ್ ಆಗಿರಲಿಲ್ಲ. ಹೇಳಿದ ಸಮಯಕ್ಕೆ ಮತ್ತೆ ತೋರಿಸಬೇಕು ಎಂದಿದ್ದಾರೆ. ಅವರು ಮೊದಲು ಸ್ಕ್ಯಾನ್‌ಗೆ ಹೋಗಿದ್ದರೆ ದುಡ್ಡೂ ಎರಡು ಸಲ, ಭೇದಿ ಔಷಧಿಯೂ ಎರಡು ಸಲ. ಯಾರಿಗೂ ಹೇಳದೆ ಇನ್ನೂ ಒಂದೆರಡು ವರ್ಷ ಕಳೆದಿದ್ದರೆ ಏನಾಗುತ್ತಿತ್ತೋ ಹೇಳಲು ಬರುವುದಿಲ್ಲ.

ಸಹೋದರಿಯರೇ, ಈ ಸದಸ್ಯೆಯನ್ನು ಕಾಪಾಡಿದ್ದು ದೊಡ್ಡ ಯಂತ್ರವಲ್ಲ. ಸಭೆ ಮುಗಿದ ಮೇಲೆ ಧೈರ್ಯ ಮಾಡಿ ಆಡಿದ ಎರಡು ಮಾತು. ಅಷ್ಟು ಹೇಳಲು ಅವರಿಗೆ ಎಂಟು ತಿಂಗಳು ಬೇಕಾಯಿತು. ವಾರ ವಾರ ಜೊತೆಯಲ್ಲಿ ಕೂರುವ ನಮಗೇ ಅದು ತಿಳಿಯಲಿಲ್ಲ ಎಂಬುದು ನಮ್ಮ ಮನಸ್ಸಿನಲ್ಲಿ ಇನ್ನೂ ಉಳಿದಿದೆ.

ಸಂಘದ ಸಭೆಯಲ್ಲಿ ಚರ್ಚಿಸಿ

1. ಮಲ, ಮೂತ್ರ, ಮುಟ್ಟಿನ ತೊಂದರೆ ಹೇಳಿಕೊಳ್ಳಲು ನಮ್ಮ ಸಂಘದಲ್ಲಿ ನಂಬಿಕೆಯ ಒಬ್ಬರು ಇದ್ದಾರೆಯೇ? ಕೇಳಿದ್ದು ಹೊರಗೆ ಹೋಗದು ಎಂಬ ಭರವಸೆ ಇದೆಯೇ?
2. ಆರೋಗ್ಯಕ್ಕೆ ಸಾಲ ಕೇಳಿದಾಗ 'ವೈದ್ಯರು ಬರೆದುಕೊಟ್ಟಿದ್ದಾರಾ?' ಎಂದು ಕೇಳುವ ನಿಯಮ ಮಾಡಿಕೊಳ್ಳೋಣವೇ?
3. ಆಸ್ಪತ್ರೆಗೆ ಹೋಗುವ ಸದಸ್ಯೆಯ ಜೊತೆಗೆ ಹೋಗಲು, ಅವರ ಮನೆಯ ಹಸು ಮಕ್ಕಳನ್ನು ನೋಡಿಕೊಳ್ಳಲು ಸರದಿ ಹಾಕಿಕೊಳ್ಳಬಹುದೇ?